ಚಾಳ ಹೋಗಿ ನಲವತ್ತು ಮಜಲೆ ಬಂತು. ಖೋಲಿಯ ಪಾವತಿ ಯಾರ ಹೆಸರಿನಲ್ಲಿದೆ?

ಸೊಲ್ಲಾಪುರ: ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆತನಗಳಿಗೆ ಮುಂಬಯಿ ಪರ ಊರಲ್ಲ. ಬರ ಬಿದ್ದಾಗ, ಹೊಲ ಪಾಲಾದಾಗ, ಇಲ್ಲಿಯ ಗಿರಣಿ ಬಂದಾದಾಗ ಗಂಟು ಕಟ್ಟಿಕೊಂಡು ಹೋದ ಊರು ಅದೇ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮುಂಬಯಿ. ಅಲ್ಲಿ ಕಾಕಾನದೋ ಸೋದರಮಾವನದೋ ಒಂದು ಖೋಲಿ ಇದ್ದರೆ ಇಳಿಯುವ ಚಿಂತೆ ಇರುತ್ತಿರಲಿಲ್ಲ. ಒಂದೇ ಖೋಲಿಯಲ್ಲಿ ಎಂಟು ಹತ್ತು ಮಂದಿ ಪಾಳಿ ಹಚ್ಚಿ ಮಲಗಿದ ಕಾಲವನ್ನು ಹಿರಿಯರು ಇಂದಿಗೂ ಹೇಳುತ್ತಾರೆ.

ಅಂಥ ಖೋಲಿಗಳಿದ್ದ ಚಾಳಗಳು ಈಗ ಒಂದೊಂದಾಗಿ ನೆಲಸಮವಾಗುತ್ತಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದಿರುವುದು ಸಮುದ್ರದ ದಂಡೆಯ ವರ್ಲಿಯಲ್ಲಿ. 2025ರ ಆಗಸ್ಟ್ 14ರಂದು ಅಲ್ಲಿಯ ಬಿಡಿಡಿ ಚಾಳದ 556 ಕುಟುಂಬಗಳಿಗೆ ಹೊಸ ಮನೆಯ ಕೀಲಿಕೈ ಸಿಕ್ಕಿತು. ನೂರು ವರ್ಷದ ಚಾಳ ಹೋಗಿ ನಲವತ್ತು ಮಜಲೆಯ ಕಟ್ಟಡ ಬಂದಿದೆ. ಆನಂದದ ಮಾತೇ ಸರಿ. ಆದರೆ ಈ ಮನೆ ಯಾರಿಗೆ, ಯಾವ ಕಾಗದದ ಮೇಲೆ ಎಂಬ ಪ್ರಶ್ನೆ ಮುಂಬಯಿಯಲ್ಲಷ್ಟೇ ಅಲ್ಲ, ಗಡಿಭಾಗದ ಹಳ್ಳಿಯ ಕಟ್ಟೆಯ ಮೇಲೂ ಏಳುವಂಥದ್ದು.

ಸಮುದ್ರ ತುಂಬಿದ ಇಲಾಖೆಯೇ ಕಟ್ಟಿದ ಚಾಳ

ಬಿಡಿಡಿ ಎಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರಲ್ಲಿ ಹುಟ್ಟಿದ ಇಲಾಖೆ. ಅದಕ್ಕೆ ಎರಡು ದೊಡ್ಡ ಕೆಲಸ ಒಪ್ಪಿಸಲಾಗಿತ್ತು. ಒಂದು, ಬ್ಯಾಕ್ ಬೇಯಲ್ಲಿ ಸಮುದ್ರ ತುಂಬಿ ಹೊಸ ಜಮೀನು ಮಾಡುವುದು. ಇನ್ನೊಂದು, ಗಿರಣಿ ಕಾರ್ಮಿಕರಿಗೆ ಚಾಳ ಕಟ್ಟುವುದು. ಸಮುದ್ರ ತುಂಬುವ ಕೆಲಸ ಹಣ ನುಂಗಿ ಅರ್ಧಕ್ಕೇ ಕುಂಟಿತು. ಅದರ ಅವ್ಯವಹಾರವನ್ನು ಕೆ.ಎಫ್. ನರಿಮನ್ ಬಯಲಿಗೆಳೆದರು. ಚಾಳಗಳು ಮಾತ್ರ ನಿಂತವು.

ವರ್ಲಿಯಲ್ಲಿ 121, ನಾಯಗಾಂವದಲ್ಲಿ 42, ಎನ್.ಎಂ. ಜೋಶಿ ಮಾರ್ಗದಲ್ಲಿ 32, ಶಿವಡಿಯಲ್ಲಿ 12, ಹೀಗೆ ಒಟ್ಟು 207 ಚಾಳ. ಒಂದೊಂದು ಚಾಳಕ್ಕೆ ನೆಲಮಜಲೆ ಸೇರಿ ನಾಲ್ಕು ಮಜಲೆ, 80 ಖೋಲಿ. ಖೋಲಿಯ ಅಳತೆ 160 ಚದರಡಿ. ಸಂಡಾಸು ಎಲ್ಲರಿಗೂ ಕೂಡಿ. ಮಳೆಗಾಲದಲ್ಲಿ ಸೋರುವ ಛತ್ತು, ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದು ಹೊರಬಂದ ಸರಳು. 1982ರ ಜನವರಿ 18ಕ್ಕೆ ಆರಂಭವಾದ ಗಿರಣಿ ಮುಷ್ಕರದ ನಂತರ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಗಿರಣಿಯ ಪಗಾರ ಹೋಯಿತು. ಖೋಲಿ ಮಾತ್ರ ಉಳಿಯಿತು.

ಪುಕ್ಕಟೆ ಮನೆ ಹೇಗೆ ಬರುತ್ತದೆ?

ಶಿವಡಿಯ 12 ಬಿಟ್ಟು ಉಳಿದ 195 ಚಾಳಗಳನ್ನು ಕೆಡವಿ ಕಟ್ಟುವ ಯೋಜನೆಗೆ 2017ರ ಏಪ್ರಿಲ್‌ನಲ್ಲಿ ಭೂಮಿಪೂಜೆ ಆಯಿತು. ವರ್ಲಿಯಲ್ಲಿ ಕಟ್ಟಡದ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2021ರ ಆಗಸ್ಟ್‌ನಲ್ಲಿ. ಹೊಣೆ ಹೊತ್ತಿರುವುದು ಮ್ಹಾಡಾ. ಅರ್ಹ ಖೋಲಿದಾರರಿಗೆ 500 ಚದರಡಿಯ ಮನೆ, ಅದೂ ಮಾಲೀಕತ್ವದ ಹಕ್ಕಿನೊಂದಿಗೆ, ಪುಕ್ಕಟೆ. ಕಟ್ಟಡ ಏಳುವವರೆಗೆ ಬದಲಿ ಖೋಲಿ ಇಲ್ಲವೇ ತಿಂಗಳಿಗೆ 25 ಸಾವಿರ ರೂಪಾಯಿ ಬಾಡಿಗೆ.

ಸರಕಾರ ತನ್ನ ತಿಜೋರಿಯಿಂದ ಇಷ್ಟು ಹಣ ಹಾಕುತ್ತದೆಯೇ? ಇಲ್ಲ. ಲೆಕ್ಕ ಸರಳ. ಹಳೆಯ ಚಾಳಗಳು ತಗ್ಗಾಗಿ, ಹರಡಿಕೊಂಡು ನಿಂತಿದ್ದವು. ಆ ಮಂದಿಯನ್ನೇ ಮೇಲಕ್ಕೆ ಏರಿಸಿದರೆ ಕೆಳಗೆ ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ಕಟ್ಟಿದ ಮನೆಗಳನ್ನು ಪೇಟೆಯ ದರಕ್ಕೆ ಮಾರಿ ಖರ್ಚು ತೆಗೆಯುವುದು. ವರ್ಲಿ ಸಮುದ್ರದ ದಂಡೆಯ ಪ್ರದೇಶವಾದ್ದರಿಂದ ಅಲ್ಲಿಯ ದರ ಮುಗಿಲಿಗೆ ಮುಟ್ಟಿದೆ. ಅದಕ್ಕೇ ಅಲ್ಲಿ ಈ ಲೆಕ್ಕ ಕೂಡುತ್ತದೆ.

ಆದರೆ ನಲವತ್ತು ಮಜಲೆಯ ಬದುಕಿಗೆ ಅದರದೇ ಖರ್ಚಿದೆ. ಲಿಫ್ಟು, ನೀರಿನ ಪಂಪು, ಬೆಂಕಿ ಆರಿಸುವ ಸಾಧನ, ವಾಚ್‌ಮನ್, ಮೆಟ್ಟಿಲ ದೀಪ ಎಲ್ಲಕ್ಕೂ ಇಂದಲ್ಲ ನಾಳೆ ಸೊಸೈಟಿಯೇ ದುಡ್ಡು ಕೂಡಿಸಬೇಕು. 2022ರ ಜನವರಿಯಲ್ಲಿ ರಾಜ್ಯ ಸರಕಾರ ಮುಂಬಯಿ ಪಾಲಿಕೆಯ ಹದ್ದಿನಲ್ಲಿ 500 ಚದರಡಿವರೆಗಿನ ಮನೆಗಳ ಆಸ್ತಿ ತೆರಿಗೆ ಮಾಫಿ ಮಾಡುವ ನಿರ್ಧಾರ ಕೈಗೊಂಡಿತು. ಅದೊಂದು ಆಸರೆ. ಆದರೂ ನೆಲಮಜಲೆಯಲ್ಲಿ ಪಾಪಡ, ಹಪ್ಪಳ ಒಣಗಿಸಿ ಮಾರಿ ಮನೆ ನಡೆಸುವವರಿಗೆ ಮೂವತ್ತನೇ ಮಜಲೆಯಲ್ಲಿ ಗಿರಾಕಿ ಎಲ್ಲಿ? ಬಾಗಿಲು ತೆರೆದಿಟ್ಟು ನೆರೆಮನೆಗೆ ಕೂಸನ್ನು ಒಪ್ಪಿಸಿ ಕೆಲಸಕ್ಕೆ ಹೋಗುವ ಪಡಸಾಲೆಯೂ ಅಲ್ಲಿಲ್ಲ.

ಉತಾರ ಬೇರೆ, ಪಾವತಿ ಬೇರೆ

ಗಡಿಭಾಗದ ಮನೆತನಗಳು ಎಡವುವುದು ಇಲ್ಲಿಯೇ. ಹೊಲದ ಸಾತಬಾರಾ ಉತಾರದಲ್ಲಿ ಅಪ್ಪ ಸತ್ತ ಮೇಲೆ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರ ಹೆಸರೂ ಏರುತ್ತವೆ. ಖೋಲಿಯದು ಹಾಗಲ್ಲ. ಬಾಡಿಗೆ ಪಾವತಿಯ ಮೇಲೆ ಸಾಮಾನ್ಯವಾಗಿ ಒಂದೇ ಹೆಸರು. ಅಜ್ಜ ಹಿಡಿದ ಖೋಲಿ. ದುಡಿಯಲು ಹೋದ ಒಬ್ಬ ಮಗ ಅಲ್ಲಿ ಉಳಿದ, ಉಳಿದವರು ಹೊಲ ನೋಡಿಕೊಂಡು ಊರಲ್ಲಿ ಉಳಿದರು. "ಊರ ಹೊಲ ನಿಮಗ, ಮುಂಬೈ ಖೋಲಿ ನನಗ" ಎಂದು ಬಾಯಿಮಾತಿನಲ್ಲಿ ಆದ ಪಾಲು. ಖೋಲಿಗೆ ಬೆಲೆ ಇಲ್ಲದ ದಿನಗಳಲ್ಲಿ ಯಾರೂ ಕಾಗದ ಮಾಡಲಿಲ್ಲ. ಈಗ 160 ಚದರಡಿಯ ಜಾಗಕ್ಕೆ 500 ಚದರಡಿಯ ಸ್ವಂತ ಮನೆ ಬರುತ್ತದೆ ಎಂದಾಗ, "ಅಜ್ಜನ ಖೋಲಿಯೊಳಗ ನಮ್ಮದೂ ಪಾಲದ" ಎಂಬ ಮಾತು ಏಳದೆ ಇರುತ್ತದೆಯೇ?

ಯೋಜನೆಯ ಕಣ್ಣಿಗೆ ಒಂದು ಖೋಲಿಗೆ ಒಂದೇ ಮನೆ. ಒಳಗೆ ಮೂವರು ಅಣ್ಣತಮ್ಮಂದಿರ ಸಂಸಾರ ಇದ್ದರೂ ಮೂರು ಮನೆ ಸಿಗುವುದಿಲ್ಲ. ಅರ್ಹತೆಯ ಪಟ್ಟಿ ಮಾಡುವಾಗ ನೋಡುವುದು ಖೋಲಿ ಯಾರ ಹೆಸರಿನಲ್ಲಿದೆ, ವಾಸದ ಪುರಾವೆ ಏನಿದೆ ಎಂಬುದನ್ನು. ಅಜ್ಜನ ಹೆಸರೇ ಇನ್ನೂ ಉಳಿದಿದ್ದರೆ ಮರಣ ದಾಖಲೆ, ವಾರಸಾ ಕಾಗದ ಎಲ್ಲಾ ಹುಡುಕಬೇಕು. ಅಜ್ಜ ಊರಲ್ಲೇ ತೀರಿಕೊಂಡಿದ್ದರೆ ಆ ದಾಖಲೆ ಇರುವುದು ನಮ್ಮ ಗ್ರಾಮ ಪಂಚಾಯತಿಯಲ್ಲಿ. ಹೆಸರಿನ ಒಂದು ಅಕ್ಷರ ಇಲ್ಲೊಂದು ರೀತಿ, ಅಲ್ಲೊಂದು ರೀತಿ ಇದ್ದರೂ ಅಲೆದಾಟ ತಪ್ಪದು. ಕನ್ನಡದ ಅಡ್ಡಹೆಸರು ಮರಾಠಿ ಕಾಗದದಲ್ಲಿ ಬೇರೆಯೇ ಆಗಿರುವುದು ಗಡಿಭಾಗದವರಿಗೆ ಹೊಸದಲ್ಲ.

ಕೋಳಿವಾಡೆಯ ಲೆಕ್ಕವೇ ಬೇರೆ

ಚಾಳದವರಿಗೆ ಸಮುದ್ರ ಗಾಳಿ ತಿನ್ನುವ ಜಾಗ. ಅದೇ ವರ್ಲಿಯ ತುದಿಯಲ್ಲಿ, ಕೋಟೆಯ ಮಗ್ಗುಲಿಗೆ ಇರುವ ಕೋಳಿವಾಡೆಯ ಮೀನುಗಾರರಿಗೆ ಅದೇ ಹೊಲ. 2009ರ ಜೂನ್ 30ರಂದು ಬಾಂದ್ರಾ–ವರ್ಲಿ ಸಮುದ್ರ ಸೇತುವೆ ತೆರೆಯಿತು. ಆಮೇಲೆ 10.58 ಕಿ.ಮೀ. ಉದ್ದದ ಕರಾವಳಿ ರಸ್ತೆ ಬಂತು. 2018ರಲ್ಲಿ ಕೆಲಸ ಆರಂಭ. 2019ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಪರವಾನಗಿ ರದ್ದು ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಕೆಲಸ ಮತ್ತೆ ಸಾಗಿತು. 2024ರ ಮಾರ್ಚ್‌ನಲ್ಲಿ ವರ್ಲಿಯಿಂದ ಮರೀನ್ ಡ್ರೈವ್ ಕಡೆಗಿನ ದಾರಿ ತೆರೆಯಿತು.

ಈ ರಸ್ತೆಯನ್ನು ಸೇತುವೆಗೆ ಜೋಡಿಸುವ ಕಡೆ ಕಂಬಗಳ ನಡುವೆ 60 ಮೀಟರ್ ಅಂತರ ಇಡುವುದೆಂದಿತ್ತು. ಕ್ಲೀವ್‌ಲ್ಯಾಂಡ್ ಬಂದರಿನಿಂದ ಹೊರಡುವ ದೋಣಿಗಳಿಗೆ ಅದೇ ದಾರಿ. ಗಾಳಿ, ತೆರೆ ಜೋರಾದಾಗ ದೋಣಿ ನೇರವಾಗಿ ಹೋಗುವುದಿಲ್ಲ. ಕಂಬಕ್ಕೆ ಬಡಿಯುವ ಭಯ. ಮೀನುಗಾರರು 200 ಮೀಟರ್ ಕೇಳಿದರು, ಕೆಲಸ ತಡೆದರು, ಬಹುಕಾಲ ಪಟ್ಟು ಬಿಡಲಿಲ್ಲ. 2022ರ ಕೊನೆಗೆ ಒಂದು ಕಂಬ ಕಡಿಮೆ ಮಾಡಿ 120 ಮೀಟರ್ ಬಿಡಲು ಸರಕಾರ ಒಪ್ಪಿತು. ಕೇಳಿದ್ದೆಲ್ಲ ಸಿಗಲಿಲ್ಲ; ಕೇಳದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಮನೆಯ ವಿಷಯದಲ್ಲೂ ಅವರ ಭಯ ಬೇರೆ. ಕೋಳಿವಾಡೆಯನ್ನು ಝೋಪಡಪಟ್ಟಿ ಎಂದು ಎಣಿಸಿದರೆ ಸಿಗುವುದು 300 ಚದರಡಿಯ ಮನೆ. ಬಲೆ ಹರವಲು, ಮೀನು ಒಣಗಿಸಲು ಅಂಗಳವೇ ಇಲ್ಲದ ಮನೆ ಮೀನುಗಾರನಿಗೆ ಮನೆಯೂ ಅಲ್ಲ, ಕಸುಬೂ ಅಲ್ಲ. ಇನ್ನು ರಸ್ತೆಯ ಮಾತು. ಕರಾವಳಿ ರಸ್ತೆಗೆ ಟೋಲ್ ಇಲ್ಲ ನಿಜ, ಆದರೆ ದ್ವಿಚಕ್ರ ವಾಹನಕ್ಕೂ ರಿಕ್ಷಾಕ್ಕೂ ಪ್ರವೇಶವಿಲ್ಲ. ಕಾರು ಇಲ್ಲದವರಿಗೆ ಉಪಯೋಗ ಬಿದ್ದದ್ದು 2025ರಲ್ಲಿ ವರ್ಲಿಗೆ ಬಂದ ಮೆಟ್ರೋ.

ಊರಲ್ಲಿದ್ದವರು ಮಾಡಬೇಕಾದದ್ದು

ಶಿವಡಿಯ 12 ಚಾಳಗಳು ಬಂದರಿನ ಜಮೀನಿನ ಮೇಲಿವೆ. ಜಮೀನು ಕೇಂದ್ರದ ಕೈಯಲ್ಲಿರುವುದರಿಂದ ಅವು ಈ ಯೋಜನೆಯೊಳಗೆ ಬರಲಿಲ್ಲ. ಮುಂಬಯಿಯ ಬೇರೆ ಎಷ್ಟೋ ಚಾಳ, ಝೋಪಡಪಟ್ಟಿಗಳ ಪಾಳಿ ಇನ್ನು ಬರಬೇಕಿದೆ. ಝೋಪಡಪಟ್ಟಿ ಯೋಜನೆಯಲ್ಲಿ 2000ದ ಜನವರಿ 1ರ ಒಳಗಿನ ವಾಸದ ಪುರಾವೆ ಇದ್ದವರಿಗೆ ಮನೆ ಪುಕ್ಕಟೆ. ಅದರ ನಂತರ 2011ರವರೆಗೆ ಬಂದವರು ಎರಡೂವರೆ ಲಕ್ಷ ರೂಪಾಯಿ ತುಂಬಬೇಕು. ಒಂದು ಹಳೆಯ ಲೈಟ್ ಬಿಲ್ಲು, ಒಂದು ಮತದಾರರ ಯಾದಿಯ ಹಾಳೆ ಎರಡೂವರೆ ಲಕ್ಷದ ಬೆಲೆ ಬಾಳುತ್ತದೆ ಎಂದಾಯಿತು.

ಆದಕಾರಣ ಹಳೆಯ ಪೆಟ್ಟಿಗೆಯಲ್ಲಿ ಬಿದ್ದ ಬಾಡಿಗೆ ಪಾವತಿ, ರೇಶನ್ ಕಾರ್ಡು, ಗಿರಣಿಯ ಹಾಜರಿ ಚೀಟಿಗಳನ್ನು ರದ್ದಿಗೆ ಹಾಕಬಾರದು. ಅಣ್ಣತಮ್ಮಂದಿರಲ್ಲಿ ಮಾತು ಕೂಡಿದ್ದರೆ ಅದನ್ನು ಕಾಗದಕ್ಕೆ ಇಳಿಸಿ, ಹಕ್ಕುಸೋಡ ಪತ್ರವನ್ನು ನೋಂದಣಿ ಮಾಡಿಸುವುದು ಲೇಸು. ಸೊಸೈಟಿಯಲ್ಲಿ ನಾಮಿನಿ ಹೆಸರು ಬರೆಸಿದ ಮಾತ್ರಕ್ಕೆ ಆತನೇ ಮಾಲೀಕನಾಗುವುದಿಲ್ಲ. ಸೊಸೈಟಿ ಮನೆಯನ್ನು ನಾಮಿನಿ ಹೆಸರಿಗೆ ಮಾಡಿಕೊಟ್ಟರೂ ವಾರಸುದಾರರು ತಮ್ಮ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಮೃತ್ಯುಪತ್ರ ಇಲ್ಲದೆ ಹಿಂದೂ ಮನೆಯ ಯಜಮಾನ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ, ತಾಯಿಗೆ, ಮಗಳಿಗೆ ಮಗನಷ್ಟೇ ಪಾಲು 1956ರ ಕಾನೂನಿನಿಂದಲೇ ಇದೆ. ಕೊಟ್ಟ ಹೆಣ್ಣುಮಗಳ ಸಹಿ ಆಮೇಲೆ ತೊಗೊಂಡರಾಯಿತು ಎಂದು ಬಿಡುವುದೇ ಎಷ್ಟೋ ದಾವೆಗಳಿಗೆ ಮೂಲ.

ಮುಂಬಯಿಯಲ್ಲಿ ಖೋಲಿ ಕಾಯ್ದವನ ಹಕ್ಕೂ ಸಣ್ಣದಲ್ಲ. ಸೋರುವ ಛತ್ತಿನ ಕೆಳಗೆ ನಲವತ್ತು ವರ್ಷ ತೆಗೆದವನು ಅವನೇ. ಊರಿಂದ ಬಂದವರಿಗೆ ಚಾಪೆ ಹಾಸಿದವಳು ಅವನ ಹೆಂಡತಿಯೇ. ಪಾಲಿನ ಮಾತಿಗೆ ಕುಳಿತಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬುಲ್ಡೋಜರ್ ಬಾಗಿಲಿಗೆ ಬಂದ ಮೇಲೆ ಕುಳಿತರೆ ತಡವಾಗುತ್ತದೆ. ಈ ಸಲ ಯುಗಾದಿಗೋ, ಊರ ಜಾತ್ರೆಗೋ ಎಲ್ಲರೂ ಕೂಡಿದಾಗಲೇ ಪೆಟ್ಟಿಗೆ ತೆರೆದು ಕಾಗದ ನೋಡುವುದು ಒಳ್ಳೆಯದು.