ಮೂತ್ರದಲ್ಲಿ ಆಲ್ಬುಮಿನ್: ಮೂತ್ರಪಿಂಡದ ಹಾನಿಯ ಮೊದಲ ಸೂಚನೆ

ಹಲ್ಲು ಕೆಟ್ಟರೆ, ಹೊಟ್ಟೆ ಕೆಟ್ಟರೆ ನಮಗೆ ಒಡನೆಯೆ ತಿಳಿಯುತ್ತದೆ. ಮೂತ್ರಪಿಂಡಗಳ ವಿಷಯ ಹಾಗಲ್ಲ. ಒಂದೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನುಗಳೆಂಬ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ಅವುಗಳಲ್ಲಿ ಕೆಲವು ನಾಶವಾದರೆ ಉಳಿದವು ಅವುಗಳ ಕೆಲಸವನ್ನೂ ತಾವೇ ಹೊತ್ತುಕೊಳ್ಳುತ್ತವೆ. ಆದುದರಿಂದ ರೋಗ ಬಹುಕಾಲ ನೋವಿಲ್ಲದೆ ಮುಂದುವರಿಯುತ್ತದೆ. ಈ ಅಂಗದ ಸ್ಥಿತಿಯನ್ನರಿಯಲು ವೈದ್ಯರು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಕೂಡ, ಸೋಸುವ ಶಕ್ತಿ ಅರ್ಧದಷ್ಟು ಕುಂದಿದ ಮೇಲೂ ಕೆಲವರಲ್ಲಿ ಸಾಮಾನ್ಯ ಮಿತಿಯೊಳಗೇ ಇರಬಹುದು. ನಾಶವಾದ ನೆಫ್ರಾನು ಮತ್ತೆ ಹುಟ್ಟುವುದಿಲ್ಲ. ಹೀಗಿರುವಾಗ ಹಾನಿಯನ್ನು ಅದು ಇನ್ನೂ ಅಲ್ಪವಾಗಿರುವಾಗಲೇ ಗುರುತಿಸುವ ಬಗೆ ಯಾವುದು? ಮೂತ್ರದಲ್ಲಿರುವ ಆಲ್ಬುಮಿನ್ನನ್ನು ಅಳೆಯುವುದು ಇದಕ್ಕೆ ದೊರೆತಿರುವ ಮುಖ್ಯ ಉತ್ತರ. ಅದರ ತತ್ತ್ವವನ್ನೂ ಮಿತಿಗಳನ್ನೂ ನಾವು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ರಕ್ತವು ಸೋಸಲ್ಪಡುವುದು ನೆಫ್ರಾನಿನ ಮೊದಲ ಭಾಗದಲ್ಲಿರುವ ಗ್ಲೊಮೆರುಲಸ್ ಎಂಬ ಲೋಮನಾಳಗಳ ಗೊಂಚಲಿನಲ್ಲಿ. ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ಇಲ್ಲಿ ಸೋಸಿ ಇಳಿಯುತ್ತದೆ. ಅದರಲ್ಲಿ ಬಹುಭಾಗವನ್ನು ನಾಳಗಳು ಮರಳಿ ಹೀರಿಕೊಳ್ಳುವುದರಿಂದ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ರಕ್ತದ ದ್ರವಭಾಗದಲ್ಲಿ ಲೀಟರಿಗೆ ಸುಮಾರು 40 ಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನು ಇರುತ್ತದೆ. ಈ ಸೋಸುಪೊರೆ ಅದನ್ನು ತಡೆಯದಿದ್ದರೆ ದಿನಕ್ಕೆ ಏಳು ಕಿಲೋಗ್ರಾಮಿಗೂ ಹೆಚ್ಚು ಆಲ್ಬುಮಿನ್ ಕೆಳಗಿಳಿಯಬೇಕಾಗಿತ್ತು. ಆದರೆ ಆರೋಗ್ಯವಂತರ ದಿನದ ಮೂತ್ರದಲ್ಲಿ ಅದು 30 ಮಿಲಿಗ್ರಾಮಿಗಿಂತ ಕಡಮೆ. ಪೊರೆಯು ದೊಡ್ಡ ಅಣುಗಳನ್ನು ತಡೆಯುತ್ತದೆ. ಅಲ್ಪಸ್ವಲ್ಪ ನುಸುಳಿದುದನ್ನು ನಾಳದ ಕೋಶಗಳು ಹೀರಿಕೊಳ್ಳುತ್ತವೆ. ಇಷ್ಟು ಬಿಗಿಯಾದ ವ್ಯವಸ್ಥೆಯಾದುದರಿಂದಲೇ, ಅದು ತುಸು ಸಡಿಲವಾದರೂ ಮೂತ್ರದಲ್ಲಿ ಅದರ ಗುರುತು ಕಾಣುತ್ತದೆ.

ಈ ಗುರುತಿನ ಅರ್ಥವನ್ನು ಸ್ಪಷ್ಟಪಡಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್. ಕಾಯಿಸಿದರೆ ಹೆಪ್ಪುಗಟ್ಟುವ ಮೂತ್ರವನ್ನು ಇಟಲಿಯ ಕೊಟೂನ್ಯೊ 18ನೆಯ ಶತಮಾನದಲ್ಲಿಯೇ ಕಂಡಿದ್ದನು. ಬ್ರೈಟನು ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚೆಯಲ್ಲಿ ತೆಗೆದು ಮೇಣದಬತ್ತಿಯ ಉರಿಗೆ ಹಿಡಿದು ನೋಡಿದನು. ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತು. ಅಂಥವರು ಸತ್ತ ಬಳಿಕ ಶವಪರೀಕ್ಷೆಯಲ್ಲಿ ಮೂತ್ರಪಿಂಡಗಳು ವಿಕಾರವಾಗಿದ್ದುದನ್ನು ಕಂಡು, ಈ ಮೂರರ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದನು. ಪರೀಕ್ಷೆ ಸರಿಯಾದುದೇ, ಆದರೆ ಅದು ಸತ್ಯವನ್ನು ಹೇಳುವ ಹೊತ್ತಿಗೆ ಕಾಲ ಮೀರಿರುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಪರೀಕ್ಷಾಪಟ್ಟಿ ಈ ಕೆಲಸವನ್ನು ಸುಲಭಗೊಳಿಸಿತು. ಪಟ್ಟಿಯ ಆಮ್ಲೀಯ ಭಾಗದಲ್ಲಿರುವ ಸೂಚಕವರ್ಣ ಆಲ್ಬುಮಿನ್ ಕೂಡಿದಾಗ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಆದರೆ ಲೀಟರಿಗೆ 150ರಿಂದ 300 ಮಿಲಿಗ್ರಾಮಿನಷ್ಟು ಇದ್ದಲ್ಲದೆ ಈ ಬದಲಾವಣೆ ಸಾಮಾನ್ಯವಾಗಿ ಕಾಣದು. ಒಬ್ಬನು ದಿನಕ್ಕೆ 100 ಮಿಲಿಗ್ರಾಂ ಆಲ್ಬುಮಿನ್ ಕಳೆದುಕೊಳ್ಳುತ್ತಿದ್ದಾನೆ ಎನ್ನೋಣ. ಇದು ಸಾಮಾನ್ಯ ಮಿತಿಯ ಮೂರು ಪಟ್ಟಿಗೂ ಮಿಗಿಲು. ಆದರೆ ಒಂದೂವರೆ ಲೀಟರಿನಲ್ಲಿ ಹರಡಿದಾಗ ಅದು ಲೀಟರಿಗೆ 67 ಮಿಲಿಗ್ರಾಂ ಮಾತ್ರ. ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. ರೋಗಿಯು ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ.

ಈ ಅಂತರವನ್ನು ಮುಚ್ಚಿದ ಕೆಲಸವೂ ಗೈಸ್ ಆಸ್ಪತ್ರೆಯಲ್ಲಿಯೇ ನಡೆಯಿತೆಂಬುದು ಗಮನಾರ್ಹ. 1963ರಲ್ಲಿ ಹ್ಯಾರಿ ಕೀನ್ ಮತ್ತು ಕ್ಲೂವೆರಾಕಿಸ್ ಎಂಬವರು ಪ್ರತಿಕಾಯಗಳ ನೆರವಿನಿಂದ ಅತ್ಯಲ್ಪ ಆಲ್ಬುಮಿನ್ನನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅನಂತರ ವಿಬೆರ್ಟಿ ಮತ್ತು ಸಂಗಡಿಗರು 1982ರಲ್ಲಿ ಇದರ ಭವಿಷ್ಯಸೂಚಕ ಶಕ್ತಿಯನ್ನು ತೋರಿಸಿದರು. ಇನ್ಸುಲಿನ್ ಅವಲಂಬಿತ ಮಧುಮೇಹಿಗಳಲ್ಲಿ 63 ಮಂದಿಯನ್ನು ಅವರು 14 ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿದರು. ಮೊದಲು ಆಲ್ಬುಮಿನ್ ಅಲ್ಪವಾಗಿದ್ದ 55 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಪ್ರಕಟವಾದ ಮೂತ್ರಪಿಂಡ ರೋಗ ತಲೆದೋರಿತ್ತು. ಸ್ವಲ್ಪ ಏರಿದ್ದ 8 ಮಂದಿಯಲ್ಲಿ 7 ಮಂದಿಗೆ ಬಂದಿತ್ತು. ಸಾಮಾನ್ಯ ಪಟ್ಟಿಗೆ ಕಾಣದ ಈ ಏರಿಕೆ ದಿನಕ್ಕೆ 30ರಿಂದ 300 ಮಿಲಿಗ್ರಾಮಿನ ನಡುವಣದು.

ಆದರೆ ಈ ಏರಿಕೆಯನ್ನು ತಪ್ಪದ ವಿಧಿಯೆಂದು ತಿಳಿಯಬಾರದು. ಮೊದಲ ಬಗೆಯ ಮಧುಮೇಹವುಳ್ಳವರನ್ನು ಕುರಿತು 2003ರಲ್ಲಿ ಬಾಸ್ಟನ್ನಿನಿಂದ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಏರಿಕೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಮುಂದೆ ಗಣನೀಯವಾಗಿ ಇಳಿದಿತ್ತು. ಸೂಚನೆಯು ಮುಂಚೆಯೇ ದೊರೆತಷ್ಟೂ ತಿದ್ದಿಕೊಳ್ಳಲು ಅವಕಾಶ ಹೆಚ್ಚು ಎಂಬುದೇ ಇದರ ಸಾರ.

ಈಗ ಇಡೀ ದಿನದ ಮೂತ್ರವನ್ನು ಕೂಡಿಡಬೇಕಾಗಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಎರಡನ್ನೂ ಅಳೆದು ಅವುಗಳ ಅನುಪಾತವನ್ನು ತೆಗೆಯುತ್ತಾರೆ. ಹೆಚ್ಚು ನೀರು ಕುಡಿದವನ ಮೂತ್ರ ತೆಳುವಾದಾಗ ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗುವುದರಿಂದ ಅನುಪಾತ ಹೆಚ್ಚು ಬದಲಾಗದು. ಕ್ರಿಯಾಟಿನಿನ್ ಗ್ರಾಮೊಂದಕ್ಕೆ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಬುಮಿನ್ ಕಂಡರೆ ಅದು ಗಮನಿಸತಕ್ಕ ವಿಷಯ. ಆದರೆ ಜ್ವರ, ಕಠಿಣ ವ್ಯಾಯಾಮ, ಮೂತ್ರನಾಳದ ಸೋಂಕು, ಮುಟ್ಟು ಇವುಗಳಿಂದಲೂ ಆಲ್ಬುಮಿನ್ ಏರಬಹುದು. ಆದುದರಿಂದ ಮೂರು ತಿಂಗಳಿಂದ ಆರು ತಿಂಗಳೊಳಗೆ ಮಾಡಿದ ಮೂರು ಪರೀಕ್ಷೆಗಳಲ್ಲಿ ಎರಡಾದರೂ ಏರಿಕೆಯನ್ನು ತೋರಿದಲ್ಲದೆ ನಿರ್ಣಯಕ್ಕೆ ಬರುವುದು ಉಚಿತವಲ್ಲ.

ಈ ಪರೀಕ್ಷೆ ಎಲ್ಲ ಹಾನಿಯನ್ನೂ ತೋರಿಸುವುದೂ ಇಲ್ಲ. ಹಾನಿ ಗ್ಲೊಮೆರುಲಸ್ಸಿನಲ್ಲಿಲ್ಲದೆ ಅದರ ಮುಂದಿನ ನಾಳಗಳಲ್ಲಿದ್ದರೆ ಆಲ್ಬುಮಿನ್ ಅಷ್ಟಾಗಿ ಏರದೆ ಇರಬಹುದು. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಕಂಡುಬಂದಿರುವ, ಕಾರಣ ಇನ್ನೂ ಖಚಿತವಾಗದ ಮೂತ್ರಪಿಂಡ ರೋಗ ಬಹುಮಟ್ಟಿಗೆ ಇಂಥದು. ಆದುದರಿಂದಲೇ ಮೂತ್ರಪರೀಕ್ಷೆಯ ಜೊತೆಗೆ ರಕ್ತದ ಕ್ರಿಯಾಟಿನಿನ್ನಿನಿಂದ ಸೋಸುವ ಶಕ್ತಿಯನ್ನು ಲೆಕ್ಕ ಹಾಕುವುದೂ ಅಗತ್ಯ.

ರೋಗವನ್ನು ಮೊದಲೇ ಕಂಡು ಪ್ರಯೋಜನವೇನು? ರಕ್ತದೊತ್ತಡವನ್ನು ತಗ್ಗಿಸುವ ಕ್ಯಾಪ್ಟೊಪ್ರಿಲ್ ಔಷಧವು ಮೊದಲ ಬಗೆಯ ಮಧುಮೇಹಿಗಳ ಮೂತ್ರಪಿಂಡದ ಅವನತಿಯನ್ನು ನಿಧಾನಗೊಳಿಸುವುದೆಂದು 1993ರಲ್ಲಿಯೂ, ಲೊಸಾರ್ಟನ್ ಎರಡನೆಯ ಬಗೆಯವರಲ್ಲಿ ಅದೇ ಕೆಲಸ ಮಾಡುವುದೆಂದು 2001ರಲ್ಲಿಯೂ ಸಿದ್ಧಪಟ್ಟಿತು. 2019ರಿಂದೀಚೆಗೆ ಮತ್ತೊಂದು ವರ್ಗದ ಔಷಧಗಳೂ ಇದಕ್ಕೆ ನೆರವಾಗಿವೆ. ಇವು ಯಾವುವೂ ಸತ್ತ ನೆಫ್ರಾನನ್ನು ಬದುಕಿಸಲಾರವು, ಉಳಿದುದನ್ನು ಕಾಪಾಡಬಲ್ಲವು. ಎಷ್ಟು ಉಳಿದಿರುವಾಗ ನಾವು ಎಚ್ಚರಗೊಳ್ಳುತ್ತೇವೆ ಎಂಬುದರ ಮೇಲೆಯೇ ಫಲ ನಿಂತಿದೆ.

ಆದುದರಿಂದ ಎರಡನೆಯ ಬಗೆಯ ಮಧುಮೇಹವುಳ್ಳವರು ರೋಗ ಗೊತ್ತಾದೊಡನೆಯೂ, ಮೊದಲ ಬಗೆಯವರು ಐದು ವರ್ಷಗಳ ತರುವಾಯವೂ, ಆ ಮೇಲೆ ವರ್ಷಕ್ಕೊಮ್ಮೆಯೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಧಿಕ ರಕ್ತದೊತ್ತಡವುಳ್ಳವರಿಗೂ ಇದು ಹಿತ. ಮೈ ಊದಿಕೊಂಡ ಮೇಲೆ ಬ್ರೈಟನ ಚಮಚೆ ಹೇಳುತ್ತಿದ್ದುದನ್ನು ಇಂದು ಎಷ್ಟೋ ವರ್ಷ ಮೊದಲೇ ಕೇಳಿಸಿಕೊಳ್ಳಲು ಸಾಧ್ಯವಾಗಿದೆ. ಯಾವ ಕಾಯಿಲೆಯೂ ಇಲ್ಲವೆಂದುಕೊಂಡಿರುವ ದಿನಗಳಲ್ಲಿಯೇ ಪರೀಕ್ಷೆಗೆ ಹೋಗುವ ವಿವೇಕ ಮಾತ್ರ ನಮ್ಮಲ್ಲಿರಬೇಕು.