ಮಂಗಳವಾರದ ಒಂಬತ್ತು ಪ್ರಶ್ನೆ

ಹಿರಿಯೂರಿನ ತಾಲ್ಲೂಕು ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಮಂಗಳವಾರ ದನಿ ತಗ್ಗಿಸಿ ವಿಚಾರಿಸುವವರು ಇರುತ್ತಾರೆ: "ಮನಸ್ಸಿನ ಡಾಕ್ಟ್ರು ಬಂದವ್ರಾ?" ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿ 2014ರಲ್ಲಿ ಶುರುವಾಯಿತು.

ಒಳಗೆ ಕೂತ ನಡುವಯಸ್ಸಿನ ಹೆಂಗಸು ಖಿನ್ನತೆಗೆ ಗುಳಿಗೆ ಶುರುಮಾಡಿ ತಿಂಗಳಾಗಿದೆ. ಗುಳಿಗೆ ಹಿಡಿಯುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. "ಹೆಂಗಿದೀರಮ್ಮ?" ಎಂದರೆ "ಪರ್ವಾಗಿಲ್ಲ ಸಾರ್" ಅನ್ನುತ್ತಾರೆ. ಡಾಕ್ಟ್ರು ಅಷ್ಟಕ್ಕೆ ಬಿಡುವುದಿಲ್ಲ. ಕಳೆದ ಎರಡು ವಾರದ ನಿದ್ದೆ, ಊಟ, ಸುಸ್ತು, ಬೇಜಾರು ಅಂತ ಖಿನ್ನತೆ ಅಳೆಯುವ ಪಿಎಚ್‌ಕ್ಯೂ–9ರ ಒಂಬತ್ತು ಪ್ರಶ್ನೆ ಕೇಳುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಮೊದಲ ಸಲ 17 ಇತ್ತು, ಈಗ 11. ಇಳಿದಿದೆ, ಆದರೆ ಅರ್ಧಕ್ಕಿಳಿದರೆ ಮಾತ್ರ ಔಷಧಿ ಕೆಲಸ ಮಾಡಿದೆ ಅನ್ನುವುದು ವಾಡಿಕೆ. ಐದಕ್ಕಿಂತ ಕೆಳಗೆ ಬಂದರೆ ಗುಣ.

"ನಿದ್ದೆ ಬರ್ತೈತೆ ಸಾರ್. ಹೊಲದ ಕಡೆ ಹೋಗಾಕೆ ಮನಸಿಲ್ಲ." ಯಾವುದು ಸುಧಾರಿಸಿತು, ಯಾವುದು ಇಲ್ಲ ಅನ್ನುವುದು ಒಟ್ಟು ಮೊತ್ತಕ್ಕಿಂತ ಬಿಡಿ ಉತ್ತರದಲ್ಲೇ ಸಿಗುತ್ತದೆ. ಒಂಬತ್ತನೆಯದು ಸಾಯುವ ಯೋಚನೆಯದು. ಅದನ್ನು ಕೇಳುವಾಗ ಜೊತೆಗೆ ಬಂದ ತಮ್ಮನನ್ನು ಹೊರಗೆ ಕಳಿಸಿದರು. ಅಲ್ಲಿ ಒಂದು ಅಂಕ ಬಂದರೂ ಮೊತ್ತ ಎಷ್ಟೇ ಇರಲಿ, ಮಾತು ಬೇರೆಯೇ ದಾರಿ ಹಿಡಿಯಬೇಕು.

ಆದರೆ ಅಂಕಿಯನ್ನೇ ನಂಬಿ ಕೂರುವಂತಿಲ್ಲ. ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ಬಂತೆಂದರೆ ಹಾಸಿಗೆ ಬಿಟ್ಟೇಳದವರೂ ಸುಲಿಯಲು ಕೂರುತ್ತಾರೆ. ಅದು ಚೇತರಿಕೆಯೋ ಅನಿವಾರ್ಯವೋ, ಮನೆಯವರನ್ನೂ ಕೇಳಬೇಕು.

ನನಗೆ ದೊಡ್ಡ ಕೊರತೆಯಾಗಿ ಕಂಡದ್ದು ಚೀಟಿ. ಹಿರಿಯೂರಿನಲ್ಲಿ ತೋರಿಸಿದವರು ಮಗಳ ಮನೆಗೆಂದು ಹೊಸದುರ್ಗಕ್ಕೆ ಹೋಗಿ ಅಲ್ಲಿ ಗುಳಿಗೆ ಕೇಳಿದರೆ ಹೊಸ ಚೀಟಿ ಬರುತ್ತದೆ, ಹಳೆಯ 17 ಎಲ್ಲೋ ಉಳಿಯುತ್ತದೆ. ಹಿಂದಿನದು ಪಕ್ಕದಲ್ಲಿಲ್ಲದೆ ಇವತ್ತಿನ 11 ಏರಿದ್ದೋ ಇಳಿದದ್ದೋ ತಿಳಿಯದು. ಬಸುರಿಯರಿಗೆ ತಾಯಿ ಕಾರ್ಡ್ ಇರುವಂತೆ ಇವರಿಗೂ ಒಂದು ಪುಸ್ತಕ ಕೊಡಬಹುದು. ಒಂಬತ್ತು ಸಾಲು, ಭೇಟಿಗೊಂದು ಕಲಂ ಸಾಕು. ಕಾಯಿಲೆಯ ಹೆಸರು ಮಾತ್ರ ರಟ್ಟಿನ ಮೇಲೆ ಬೇಡ, ಬಸ್ಸಿನಲ್ಲಿ ಪಕ್ಕದವರು ಓದುತ್ತಾರೆ.

ಆ ಹೆಂಗಸಿಗೆ ಗುಳಿಗೆಯ ಪ್ರಮಾಣ ಹೆಚ್ಚಿಸಿ, ಮುಂದಿನ ತಾರೀಖು ಬರೆದುಕೊಟ್ಟರು. ನಡುವೆ ಕಷ್ಟವಾದರೆ ಕರೆ ಮಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ: ಹಗಲೂ ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ.