ಎರಡು ಊರಿನ ಹಾಡು

ಚೆನ್ನೈಗೆ ಬಂದ ಹೊಸತರಲ್ಲಿ ನನಗೆ ತಮಿಳು ಬರುತ್ತಿರಲಿಲ್ಲ. ಮೈಲಾಪುರದ ಬಾಡಿಗೆ ಕೋಣೆಯಲ್ಲಿ ರಾತ್ರಿ ಜೊತೆಗಿದ್ದದ್ದು ರೇಡಿಯೊ, ಅದರಲ್ಲೊಬ್ಬ ನಿರೂಪಕ. ಉಳಿದವರೆಲ್ಲ ಸಿನಿಮಾ ಹಾಡು ಹಾಕುತ್ತಿದ್ದರೆ, ಈತ ಅಪರೂಪದ ರಾಕ್, ಕಂಟ್ರಿ ಹಾಡುಗಳನ್ನು ಹುಡುಕಿ ತರುತ್ತಿದ್ದ.

ರೇಡಿಯೊ ಹುಚ್ಚು ಈ ಊರಿಗೆ ಹೊಸದಲ್ಲ. 1924ರಲ್ಲೇ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಗೆಳೆಯರು ಇಲ್ಲಿ ರೇಡಿಯೊ ಕ್ಲಬ್ ಕಟ್ಟಿ ಪ್ರಸಾರ ಆರಂಭಿಸಿದ್ದರು. ಕಂಟ್ರಿ ಸಂಗೀತದ ಹೆಸರಾಂತ ರೇಡಿಯೊ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಶುರುವಾದದ್ದು ಅದರ ಮರುವರ್ಷ! ನಮ್ಮ ದೇಶದ ಮೊದಲ ಎಫ್‌ಎಂ ಪ್ರಸಾರವೂ 1977ರಲ್ಲಿ ಮದ್ರಾಸಿನಿಂದಲೇ.

ನಮ್ಮ ನಿರೂಪಕನಿಗೆ ಬಲು ಇಷ್ಟ ಗ್ರ್ಯಾಮ್ ಪಾರ್ಸನ್ಸ್. 1968ರಲ್ಲಿ ‘ದ ಬರ್ಡ್ಸ್’ ಎಂಬ ರಾಕ್ ತಂಡ ಸೇರಿ, ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಆಲ್ಬಮ್‌ನಲ್ಲಿ ಅದನ್ನು ಕಂಟ್ರಿಯತ್ತ ತಿರುಗಿಸಿದ ಗಾಯಕ. ರಾಕ್ ಕೇಳುಗರಿಗೆ ಅದು ಹಳ್ಳಿಹಾಡು ಅನ್ನಿಸಿತು. ನ್ಯಾಶ್‌ವಿಲ್‌ನವರಿಗೆ ಈ ರಾಕ್ ಹುಡುಗರು ಹೊರಗಿನವರು. ಆಲ್ಬಮ್ ಹೆಚ್ಚು ಮಾರಾಟವಾಗಲಿಲ್ಲ. 1973ರಲ್ಲಿ, 26ನೇ ವಯಸ್ಸಿಗೇ ಪಾರ್ಸನ್ಸ್ ತೀರಿಕೊಂಡರು. ಆದರೆ ಕಂಟ್ರಿ-ರಾಕ್ ಉಳಿಯಿತು, ಬೆಳೆಯಿತು.

ಈ ಕತೆ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಇಲ್ಲಿ ‘ಕನ್ನಡಕ್ಕಾರನ್’. ಊರಿಗೆ ಹೋದರೆ ‘ಮದ್ರಾಸಿನವನು’. ಎರಡೂ ಕಡೆ ನೆಂಟನೇ.

ಆ ಕಾರ್ಯಕ್ರಮ ನಿಂತು ವರ್ಷಗಳಾದವು. ಜಾಹೀರಾತು ಬರಲಿಲ್ಲವಂತೆ. ಮೊನ್ನೆ ಮಗಳು, “ಅಪ್ಪಾ, ನಮ್ಮೂರು ಯಾವುದು?” ಅಂದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದವಳು. ಪಾರ್ಸನ್ಸ್ ಹಾಡೊಂದನ್ನು ಹಾಕಿ, “ಎರಡೂ ನಮ್ಮದೇ ಕಣೇ” ಎಂದೆ. ಹಾಗನ್ನುವ ಧೈರ್ಯ ನನಗೆ ಬಂದದ್ದು ಆ ನಿರೂಪಕನಿಂದ.